ಪೀಠವೂ ನ್ಯಾಯಪೀಠವೂ

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಎರಡು ಬಗೆಯ ಅಧಿಕಾರಗಳು ಒಂದೇ ಸೂರಿನ ಕೆಳಗೆ ನಡೆಯುತ್ತವೆ. ಗರ್ಭಗುಡಿಯಲ್ಲಿ ಅಭಿಷೇಕ, ಅರ್ಚನೆ, ನೈವೇದ್ಯಗಳನ್ನು ನಡೆಸುವವರು ಅರ್ಚಕರು. ಯಾವ ಹೊತ್ತಿಗೆ ಯಾವ ಪೂಜೆ, ರಥೋತ್ಸವದ ದಿನ ಯಾವ ವಿಧಿ ಎಂಬುದನ್ನು ಹೇಳಬೇಕಾದದ್ದು ಆಗಮಶಾಸ್ತ್ರ. ಹೊರಗಿನ ಕಚೇರಿಯಲ್ಲಿ ಹುಂಡಿಯ ಹಣದ ಲೆಕ್ಕವಿಡುವವರು, ಜಾತ್ರೆಯ ಏರ್ಪಾಡುಗಳನ್ನು ನೋಡಿಕೊಳ್ಳುವವರು ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಯವರು. ಹಳಬರು ಈ ಇಲಾಖೆಯನ್ನು ಇಂದಿಗೂ ಮುಜರಾಯಿ ಎಂದೇ ಕರೆಯುತ್ತಾರೆ. ಕಂದಾಯದಲ್ಲಿ ಕಳೆದು ದೇವರ ಸೇವೆಗೆ ಬಿಟ್ಟುಕೊಟ್ಟ ಹಣಕ್ಕೆ ‘ಮುಜರಾ’ ಎಂಬ ಹೆಸರಿದ್ದುದರಿಂದ ಬಂದ ಮಾತು ಅದು.

ಅದೇ ಕಪಿಲಾ ನದಿಯ ದಡದಲ್ಲಿ, ಅದೇ ತಾಲ್ಲೂಕಿನಲ್ಲಿ ಸುತ್ತೂರು ಇದೆ. ಅಲ್ಲಿರುವುದು ವೀರಶೈವ ಪರಂಪರೆಯ ಪ್ರಸಿದ್ಧ ಮಠ. ನಂಜನಗೂಡಿನ ಊರೊಳಗೇ ರಾಘವೇಂದ್ರಸ್ವಾಮಿಗಳ ಮಠವಿದೆ. ಕಪಿಲೆಯು ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ ಸೋಸಲೆ ಎಂಬ ಗ್ರಾಮವಿದ್ದು, ಮಾಧ್ವ ಸಂಪ್ರದಾಯದ ವ್ಯಾಸರಾಜ ಮಠವೊಂದು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಈ ಮಠಗಳಲ್ಲಿಯೂ ಪೂಜೆಯುಂಟು, ಕಾಣಿಕೆಯುಂಟು, ಜಮೀನುಂಟು, ಲೆಕ್ಕಪತ್ರವುಂಟು. ಆದರೆ ದೇವಾಲಯಕ್ಕೆ ಅನ್ವಯಿಸುವ ಕಾನೂನು ಮಠಕ್ಕೆ ಅದೇ ರೀತಿಯಲ್ಲಿ ಅನ್ವಯಿಸುವುದಿಲ್ಲ. ಒಂದೇ ನದಿಯ ನೀರಿನಲ್ಲಿ ಅಭಿಷೇಕ ನಡೆಯುವ ಎರಡು ಸ್ಥಾನಗಳಿಗೆ ಎರಡು ಬಗೆಯ ಏರ್ಪಾಡು ಹೇಗಾಯಿತು? ಧರ್ಮದ ಒಳಗಿನ ವಿಷಯ ಎಲ್ಲಿ ಮುಗಿಯುತ್ತದೆ, ರಾಜ್ಯದ ಅಧಿಕಾರ ಎಲ್ಲಿ ಮೊದಲಾಗುತ್ತದೆ? ಆ ಗೆರೆಯನ್ನು ಎಳೆಯಬೇಕಾದವರು ಧರ್ಮಗುರುಗಳೋ ನ್ಯಾಯವಾದಿಗಳೋ?

ಈ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಎತ್ತುವ ಕ್ರಮವೊಂದು ನಮ್ಮ ದೇಶಕ್ಕೆ ಇಂಗ್ಲೆಂಡಿನಿಂದ ಬಂದಿತು. ಆದ್ದರಿಂದ ಮೊದಲು ನಾಲ್ಕು ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನತ್ತ ನೋಡಬೇಕಾಗುತ್ತದೆ.

1534ರಲ್ಲಿ ಎಂಟನೆಯ ಹೆನ್ರಿ ದೊರೆಯು ರೋಮಿನ ಪೋಪರ ಅಧಿಕಾರವನ್ನು ತಿರಸ್ಕರಿಸಿ, ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನೆಂದು ಶಾಸನ ಮಾಡಿಸಿದನು. ಅಲ್ಲಿಗೆ ಧರ್ಮಪೀಠವೂ ಸಿಂಹಾಸನವೂ ಒಂದಾದವು. ಆದರೆ ನ್ಯಾಯಾಲಯಗಳು ಒಂದಾಗಲಿಲ್ಲ. ಜಮೀನು, ಸಾಲ, ಕಳವು ಮೊದಲಾದ ವ್ಯಾಜ್ಯಗಳನ್ನು ನಾಡಿನ ರೂಢಿಯ ಕಾನೂನಿನಂತೆ ತೀರ್ಮಾನಿಸುವ ದೊರೆಯ ನ್ಯಾಯಾಲಯಗಳು ಒಂದು ಕಡೆ ಇದ್ದವು. ಮದುವೆ, ಉಯಿಲು, ಪಾದ್ರಿಗಳ ನಡತೆ, ಪೂಜಾಕ್ರಮ ಇವುಗಳನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯಗಳು ಮತ್ತೊಂದು ಕಡೆ ಇದ್ದವು. ಎರಡನೆಯ ಬಗೆಯ ನ್ಯಾಯಾಲಯಗಳಲ್ಲಿ ವಾದಿಸುತ್ತಿದ್ದವರು ಬೇರೊಂದು ವರ್ಗದ ವಕೀಲರು. ಅವರು ವಿಶ್ವವಿದ್ಯಾನಿಲಯಗಳಲ್ಲಿ ರೋಮನ್ ನ್ಯಾಯಶಾಸ್ತ್ರವನ್ನು ಓದಿ ಡಾಕ್ಟರ್ ಪದವಿ ಪಡೆದವರು. ಲಂಡನ್ನಿನ ಸಂತ ಪಾಲರ ಚರ್ಚಿನ ಸಮೀಪದಲ್ಲಿ ಅವರದೇ ಸಂಘವಿತ್ತು. ಅದಕ್ಕೆ ‘ಡಾಕ್ಟರ್ಸ್ ಕಾಮನ್ಸ್’ ಎಂದು ಹೆಸರು. ದೊರೆಯ ನ್ಯಾಯಾಲಯದ ವಕೀಲರಿಗೂ ಈ ಡಾಕ್ಟರುಗಳಿಗೂ ಓದು ಬೇರೆ, ಗ್ರಂಥ ಬೇರೆ, ವಾದದ ರೀತಿಯೂ ಬೇರೆ.

ರಾಣಿ ಎಲಿಜಬೆತ್ತಳ ಕಾಲದಲ್ಲಿ ಚರ್ಚಿನ ಒಳಗೇ ಭಿನ್ನಾಭಿಪ್ರಾಯ ಬಲಿಯಿತು. ಪ್ಯೂರಿಟನ್ನರೆಂಬ ಪಂಗಡದವರು ಬಿಷಪ್ಪರ ಆಡಂಬರವನ್ನೂ, ಸರ್ಕಾರ ಗೊತ್ತುಪಡಿಸಿದ ಪ್ರಾರ್ಥನಾ ಪುಸ್ತಕದ ಕೆಲವು ವಿಧಿಗಳನ್ನೂ ಒಪ್ಪಲಿಲ್ಲ. 1583ರಲ್ಲಿ ಜಾನ್ ವಿಟ್‌ಗಿಫ್ಟ್ ಎಂಬವರು ಆರ್ಚ್‌ಬಿಷಪ್ಪರಾದ ಮೇಲೆ ಇಂಥವರನ್ನು ಹತ್ತಿಕ್ಕಲು ‘ಹೈ ಕಮಿಷನ್’ ಎಂಬ ಧಾರ್ಮಿಕ ನ್ಯಾಯಮಂಡಲಿಯನ್ನು ಬಳಸಿದರು. ಅಲ್ಲಿ ಒಂದು ವಿಚಿತ್ರವಾದ ಪ್ರಮಾಣವಚನವಿತ್ತು. ಕರೆಸಿಕೊಂಡ ಪಾದ್ರಿಯ ಮೇಲೆ ಏನು ಆರೋಪ ಎಂಬುದನ್ನು ತಿಳಿಸುವುದಕ್ಕೆ ಮುಂಚೆಯೇ, ಕೇಳುವ ಪ್ರಶ್ನೆಗಳಿಗೆಲ್ಲ ಸತ್ಯವಾಗಿ ಉತ್ತರಿಸುವೆನೆಂದು ಅವನಿಂದ ಆಣೆ ಮಾಡಿಸುತ್ತಿದ್ದರು. ಆಣೆ ಮಾಡಿ ನಿಜ ಹೇಳಿದರೆ ಅವನ ಬಾಯಿಂದಲೇ ಅವನ ಅಪರಾಧ ಹೊರಬೀಳುವುದು. ಸುಳ್ಳು ಹೇಳಿದರೆ ದೈವದ್ರೋಹ. ಆಣೆಯನ್ನೇ ಮಾಡೆನೆಂದರೆ ಸೆರೆಮನೆ. ರಾಣಿಯ ಮುಖ್ಯಮಂತ್ರಿಯಾಗಿದ್ದ ಬರ್ಲಿ ಪ್ರಭುವಿಗೇ ಇದು ಸಹಿಸಲಿಲ್ಲ. ಸ್ಪೇನಿನ ಧರ್ಮವಿಚಾರಣೆಯವರು ಕೂಡ ಇಷ್ಟು ಪ್ರಶ್ನೆಗಳಿಂದ ಬಲೆ ಹೆಣೆಯಲಾರರೆಂಬ ಅರ್ಥ ಬರುವಂತೆ ಆತನು 1584ರಲ್ಲಿ ಆರ್ಚ್‌ಬಿಷಪ್ಪರಿಗೆ ಪತ್ರ ಬರೆದನು.

ಈ ಮಂಡಲಿಯ ಕೈಗೆ ಸಿಕ್ಕಿದವರಲ್ಲಿ ರಾಬರ್ಟ್ ಕಾಡ್ರೆ ಎಂಬ ಹಳ್ಳಿಯ ಪಾದ್ರಿಯೂ ಒಬ್ಬ. ಮೊದಲು ಶಾಲೆಯ ಉಪಾಧ್ಯಾಯನಾಗಿದ್ದು ಅನಂತರ ರಟ್ಲೆಂಡ್ ಪ್ರಾಂತದ ಹಳ್ಳಿಯೊಂದರಲ್ಲಿ ಪಾದ್ರಿಯಾದವನು. ಪ್ರಾರ್ಥನಾ ಪುಸ್ತಕವನ್ನು ಟೀಕಿಸಿದನೆಂಬ ಕಾರಣಕ್ಕೆ ಅವನ ವೃತ್ತಿಯನ್ನೂ ಅದರೊಡನೆ ಬಂದಿದ್ದ ಜಮೀನನ್ನೂ ಕಸಿದುಕೊಂಡರು. ಕಾಡ್ರೆ ಸುಮ್ಮನೆ ಕೂರಲಿಲ್ಲ. ಜೇಮ್ಸ್ ಮೋರಿಸ್ ಎಂಬ ವಕೀಲನ ನೆರವಿನಿಂದ ದೊರೆಯ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಅವನು ಹೂಡಿದ್ದು ಧರ್ಮದ ದಾವೆಯಲ್ಲ, ತನ್ನ ಜಮೀನಿಗೆ ಅನ್ಯರು ಅತಿಕ್ರಮಿಸಿ ಬಂದರೆಂಬ ಸಾಮಾನ್ಯ ದಾವೆ. ಧರ್ಮದ ವಿವಾದವನ್ನು ಜಮೀನಿನ ವಿವಾದವನ್ನಾಗಿ ಮಾಡಿ ಬೇರೊಂದು ಬಾಗಿಲಿನಿಂದ ಒಳಗೆ ತಂದ ಈ ಜಾಣ್ಮೆ ಮೆಚ್ಚತಕ್ಕದ್ದು. ಆದರೂ 1591ರಲ್ಲಿ ಅವನು ಸೋತನು. ಚರ್ಚಿನ ಮೇಲಿನ ಅಧಿಕಾರ ರಾಣಿಗೆ ಸಹಜವಾಗಿಯೇ ಇದ್ದು, ಕಮಿಷನ್ನು ನಡೆದುಕೊಂಡದ್ದು ಸರಿಯೆಂದು ನ್ಯಾಯಾಧೀಶರು ಹೇಳಿದರು. ವೃತ್ತಿ ಕಳೆದುಕೊಂಡ ಕಾಡ್ರೆ ಮತ್ತೆ ಪಾಠ ಹೇಳುವ ಕೆಲಸಕ್ಕೆ ಮರಳಿದನು. 1604ರಲ್ಲಿ ಸುಮಾರು 2,500 ಕಠಿಣ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ ಪುಸ್ತಕವೊಂದನ್ನು ಹೊರತಂದನು. ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳಲ್ಲಿ ಅದೇ ಮೊದಲನೆಯದೆಂದು ಹೇಳುತ್ತಾರೆ. ಇಂದು ಶಾಲೆಗಳಲ್ಲಿ ನಿಘಂಟಿನ ಪುಟ ತಿರುವುವವರಿಗೆ ಅದರ ಮೂಲಪುರುಷನು ಪೀಠಭ್ರಷ್ಟನಾದ ಪಾದ್ರಿಯೆಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಮೋರಿಸನು ಆ ಪ್ರಮಾಣವಚನದ ವಿರುದ್ಧ ಗ್ರಂಥ ಬರೆದನು. ಚರ್ಚಿನ ಪರವಾಗಿ ಉತ್ತರ ಕೊಟ್ಟವನು ರಿಚರ್ಡ್ ಕೋಸಿನ್ ಎಂಬ ಡಾಕ್ಟರು. ಇವನು ಕೇವಲ ಆಸ್ಥಾನಪಂಡಿತನಲ್ಲ, ಬಹುಶ್ರುತನಾದ ವಿದ್ವಾಂಸ. ಊರಿನಲ್ಲಿ ಒಬ್ಬನ ಮೇಲೆ ಅಪಕೀರ್ತಿ ಹಬ್ಬಿದಾಗ ದೂರು ಕೊಡುವವನು ಮುಂದೆ ಬಾರದಿದ್ದರೆ ನ್ಯಾಯಾಧೀಶನೇ ವಿಚಾರಿಸಬೇಕಲ್ಲವೆ ಎಂಬ ಬಗೆಯ ಅವನ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಗ್ರಂಥಕ್ಕೆ ಗ್ರಂಥದಿಂದಲೇ ಉತ್ತರ ಕೊಡುವ ಔದಾರ್ಯ ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ. 1593ರಲ್ಲಿ ಮೋರಿಸನು ಇದೇ ವಿಷಯವನ್ನು ಪಾರ್ಲಿಮೆಂಟಿನಲ್ಲಿ ಎತ್ತಿದಾಗ ರಾಣಿಯ ಅಪ್ಪಣೆಯಂತೆ ಕೆಲಕಾಲ ಬಂಧನದಲ್ಲಿರಬೇಕಾಯಿತು.

ಮುಂದಿನ ದೊರೆ ಜೇಮ್ಸನ ಕಾಲಕ್ಕೆ ದೊರೆಯ ನ್ಯಾಯಾಲಯದವರು ಒಂದು ಹಳೆಯ ಆಯುಧವನ್ನು ಹೆಚ್ಚುಹೆಚ್ಚಾಗಿ ಪ್ರಯೋಗಿಸತೊಡಗಿದರು. ಅದೇ ಪ್ರತಿಷೇಧ ರಿಟ್. ಒಂದು ನ್ಯಾಯಾಲಯ ತನ್ನ ಎಲ್ಲೆಯನ್ನು ಮೀರಿ ವಿಚಾರಣೆ ನಡೆಸುತ್ತಿದ್ದರೆ, “ಇದು ನಿಮ್ಮ ಗಡಿಯಲ್ಲ, ನಿಲ್ಲಿಸಿ” ಎಂದು ಮೇಲಿನ ನ್ಯಾಯಾಲಯ ಕಳುಹಿಸುವ ಆಜ್ಞೆಗೆ ಆ ಹೆಸರು. ಹೊಲದ ಬದುವಿನಲ್ಲಿ ನೆಟ್ಟ ಗಡಿಕಲ್ಲಿನಂತೆ ಅದು. ಯಾರ ಬೆಳೆ ಒಳ್ಳೆಯದೆಂದು ಹೇಳುವುದಿಲ್ಲ, ಯಾರ ನೇಗಿಲು ಎಲ್ಲಿ ನಿಲ್ಲಬೇಕೆಂದು ಮಾತ್ರ ಹೇಳುತ್ತದೆ. 1606ರಲ್ಲಿ ಮುಖ್ಯ ನ್ಯಾಯಾಧೀಶನಾದ ಸರ್ ಎಡ್ವರ್ಡ್ ಕೋಕನು ಚರ್ಚಿನ ನ್ಯಾಯಾಲಯಗಳಿಗೆ ಇಂಥ ಆಜ್ಞೆಗಳನ್ನು ಧಾರಾಳವಾಗಿ ಕಳುಹಿಸಿದನು. ಆರ್ಚ್‌ಬಿಷಪ್ ಬ್ಯಾಂಕ್ರಾಫ್ಟರು ದೊರೆಯ ಬಳಿ ದೂರಿಟ್ಟರು. ಗಡಿಯ ವಿವಾದವನ್ನು ದೊರೆಯೇ ತೀರ್ಮಾನಿಸಬಹುದೆಂಬುದು ಅವರ ವಾದ. 1607ರಲ್ಲಿ ಕೋಕನು ದೊರೆಯ ಎದುರಿಗೇ ಅದನ್ನು ಅಲ್ಲಗಳೆದನು. ದೊರೆಗೆ ಬುದ್ಧಿ ಎಷ್ಟೇ ಇರಲಿ, ಕಾನೂನೆಂಬುದು ದೀರ್ಘಕಾಲದ ಅಭ್ಯಾಸದಿಂದ ಬರತಕ್ಕ ವಿದ್ಯೆ, ದೊರೆಯೂ ಕಾನೂನಿಗೆ ಅಧೀನನು ಎಂಬುದು ಅವನ ನಿಲುವು. ಅದೇ ವರ್ಷ ನಿಕೊಲಸ್ ಫುಲ್ಲರ್ ಎಂಬ ವಕೀಲ ಹೈ ಕಮಿಷನ್ನಿಗೆ ಸೆರೆಹಾಕುವ ಅಧಿಕಾರವೇ ಇಲ್ಲವೆಂದು ತನ್ನ ಕಕ್ಷಿಗಾರರ ಪರವಾಗಿ ವಾದಿಸಿ, ಆ ಕಮಿಷನ್ನಿನಿಂದಲೇ ಸೆರೆಗೆ ಹೋದನು. ಕೋಕನೂ 1616ರಲ್ಲಿ ಪದವಿ ಕಳೆದುಕೊಂಡನು. ಆದರೆ 1641ರಲ್ಲಿ ಪಾರ್ಲಿಮೆಂಟು ಹೈ ಕಮಿಷನ್ನನ್ನೇ ರದ್ದುಮಾಡಿ, ಆ ಪ್ರಮಾಣವಚನಕ್ಕೂ ಕೊನೆ ಹಾಡಿತು. ಆಪಾದಿತನನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲಾತ್ಕರಿಸಬಾರದೆಂಬ ತತ್ತ್ವ ಇಂದು ಭಾರತದ ಸಂವಿಧಾನದ 20ನೆಯ ಅನುಚ್ಛೇದದಲ್ಲಿದೆ. ಅದರ ಬೇರುಗಳಲ್ಲೊಂದು ಈ ಜಗಳದಲ್ಲಿಯೇ ಇದೆ.

ಆಂಗ್ಲರು ಭಾರತಕ್ಕೆ ಬಂದಾಗ ತಮ್ಮ ನ್ಯಾಯಾಲಯಗಳನ್ನೂ ರಿಟ್ಟುಗಳನ್ನೂ ತಂದರು. ಹಿಂದೂ ಧರ್ಮಶಾಸ್ತ್ರದ ಅರ್ಥ ಹೇಳಲು ನ್ಯಾಯಾಲಯಗಳಲ್ಲಿ ಪಂಡಿತರನ್ನು ನೇಮಿಸಿಕೊಂಡಿದ್ದರು. 1864ರಲ್ಲಿ ಆ ಹುದ್ದೆಗಳನ್ನು ತೆಗೆದುಹಾಕಿದ ಮೇಲೆ ಶಾಸ್ತ್ರದ ಅರ್ಥವನ್ನೂ ನ್ಯಾಯಾಧೀಶರೇ ಹೇಳತೊಡಗಿದರು. ಗುಡಿ ಮಠಗಳ ಆಡಳಿತದಲ್ಲಿ ಮದರಾಸಿನವರದು ಒಂದು ದಾರಿ, ಮೈಸೂರಿನದು ಇನ್ನೊಂದು ದಾರಿಯಾಯಿತು. 1863ರ ಕಾನೂನಿನಂತೆ ಮದರಾಸಿನಲ್ಲಿ ಸರ್ಕಾರ ದೇವಾಲಯಗಳಿಂದ ಹಿಂದೆ ಸರಿಯಿತು. ಮುಂದೆ 1927ರಲ್ಲಿ ಧಾರ್ಮಿಕ ದತ್ತಿ ಮಂಡಳಿಯ ಮೂಲಕ ಮತ್ತೆ ಒಳಗೆ ಬಂದಿತು. ಮೈಸೂರಿನಲ್ಲಿ ಮುಜರಾಯಿಯ ಕೈ ಬಿಟ್ಟದ್ದೇ ಇಲ್ಲ. ಅಲ್ಲಿಯೂ 1927ರಲ್ಲಿ ಧಾರ್ಮಿಕ ಸಂಸ್ಥೆಗಳ ಕಾನೂನೊಂದು ಬಂದಿತು. ತಿರುಮಕೂಡಲು ನರಸೀಪುರಕ್ಕೆ ನೆರೆಯ ತಾಲ್ಲೂಕಾದ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ನಂಜನಗೂಡಿನ ಜಾತ್ರೆ ಮುಗಿಸಿಕೊಂಡು ಮಲೆಯ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುತ್ತಿದ್ದ ಒಕ್ಕಲು, ತನಗೆ ತಿಳಿಯದೆಯೇ ಒಂದು ಕಾನೂನಿನ ಗಡಿಯನ್ನು ದಾಟಿ ಇನ್ನೊಂದಕ್ಕೆ ಹೋಗುತ್ತಿತ್ತು.

ಆ ಮದರಾಸಿನ ಕಾನೂನಿನ ವಿರುದ್ಧ ಎದ್ದುನಿಂತವರು ಕನ್ನಡ ನಾಡಿನ ಸ್ವಾಮಿಗಳೊಬ್ಬರು. ಮಧ್ವಾಚಾರ್ಯರ ಪರಂಪರೆಯ ಉಡುಪಿಯ ಅಷ್ಟಮಠಗಳಲ್ಲಿ ಶಿರೂರು ಮಠವೂ ಒಂದು. ಶ್ರೀಕೃಷ್ಣನ ಪೂಜೆ ಈ ಎಂಟು ಮಠಗಳಿಗೆ ಎರಡೆರಡು ವರ್ಷಗಳ ಸರದಿಯಂತೆ ಬರುತ್ತದೆ. ಇದೇ ಪರ್ಯಾಯ. ಪರ್ಯಾಯ ಬಂದ ಮಠಾಧಿಪತಿಗೆ ಗೌರವ ಎಷ್ಟೋ ಖರ್ಚೂ ಅಷ್ಟೇ. ಬಂದವರಿಗೆಲ್ಲ ಅನ್ನಸಂತರ್ಪಣೆ ನಡೆಯಲೇಬೇಕು. 1946ರಲ್ಲಿ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳಿಗೆ ಎರಡನೆಯ ಪರ್ಯಾಯ ಬಂದಾಗ ಯುದ್ಧಾನಂತರದ ಅಭಾವ, ಬೆಲೆಯೇರಿಕೆಗಳ ಕಾಲ. ಸಾಲ ಬೆಳೆದು ಒಂದು ಲಕ್ಷ ರೂಪಾಯಿಗಳ ಸಮೀಪಕ್ಕೆ ಬಂದಿತು. ದತ್ತಿ ಮಂಡಳಿಯು ನಡುವೆ ಬಂದು, ಮಠದ ವ್ಯವಹಾರಕ್ಕೆ ಸಮರ್ಥನಾದ ವ್ಯವಸ್ಥಾಪಕನನ್ನು ನೇಮಿಸಬೇಕೆಂದು ಅಪ್ಪಣೆ ಮಾಡಿತು. ಅದರಂತೆ 1948ರ ಡಿಸೆಂಬರಿನಲ್ಲಿ ಒಬ್ಬ ಏಜೆಂಟನಿಗೆ ಅಧಿಕಾರಪತ್ರ ಬರೆದುಕೊಟ್ಟದ್ದಾಯಿತು. ಆತನು ತಮ್ಮ ಮಾತಿಗೆ ಬೆಲೆ ಕೊಡುವುದಿಲ್ಲ, ಲೆಕ್ಕವನ್ನೂ ಒಪ್ಪಿಸುವುದಿಲ್ಲ ಎಂಬುದು ಸ್ವಾಮಿಗಳ ದೂರು. 1950ರ ಸೆಪ್ಟೆಂಬರಿನಲ್ಲಿ ಅವರು ಆ ಅಧಿಕಾರವನ್ನು ಹಿಂತೆಗೆದುಕೊಂಡರು. ಮಂಡಳಿಯು ಮಠದ ಆಡಳಿತಕ್ಕೆ ತಾನೇ ಒಂದು ಯೋಜನೆಯನ್ನು ರಚಿಸಲು ಹೊರಟಿತು.

ಆ ಹೊತ್ತಿಗೆ ದೇಶಕ್ಕೆ ಸಂವಿಧಾನ ಬಂದಿತ್ತು. 25ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಧಾರ್ಮಿಕ ಸ್ವಾತಂತ್ರ್ಯವನ್ನೂ, 26ನೆಯದು ಪ್ರತಿ ಪಂಥಕ್ಕೂ ತನ್ನ ಧರ್ಮದ ವಿಷಯಗಳನ್ನು ತಾನೇ ನಡೆಸಿಕೊಳ್ಳುವ ಹಕ್ಕನ್ನೂ ಕೊಟ್ಟಿದ್ದವು. ಸ್ವಾಮಿಗಳು ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ದೊರೆತದ್ದು ಪ್ರತಿಷೇಧ ರಿಟ್. ಇಂಗ್ಲೆಂಡಿನಲ್ಲಿ ಧರ್ಮಗುರುಗಳ ಕೈ ಕಟ್ಟಲು ವಕೀಲರು ಹಿಡಿದಿದ್ದ ಅದೇ ಆಯುಧ ಇಲ್ಲಿ ಸರ್ಕಾರದ ಮಂಡಳಿಯ ಕೈ ಕಟ್ಟಿ ಧರ್ಮಗುರುವನ್ನು ಕಾಪಾಡಿತು. ಅಂದು ಗಡಿ ಮೀರಿದವರು ಬಿಷಪ್ಪರು, ಇಂದು ಅಧಿಕಾರಿಗಳು. ಗಡಿಕಲ್ಲು ಮಾತ್ರ ಅದೇ. ಉಚ್ಚ ನ್ಯಾಯಾಲಯದ ತೀರ್ಪು ಬಂದದ್ದು 1951ರ ಡಿಸೆಂಬರ್ 13ರಂದು. ಅಷ್ಟರಲ್ಲಿ ಮದರಾಸು ಸರ್ಕಾರ ಹಳೆಯ ಕಾನೂನಿನ ಬದಲು 1951ರ ಹೊಸ ಕಾನೂನನ್ನು ತಂದಿದ್ದುದರಿಂದ ಅದರ ಸಿಂಧುತ್ವವೂ ವಿಚಾರಣೆಗೆ ಒಳಗಾಯಿತು. ಸರ್ಕಾರದ ಕಡೆಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದರು.

1954ರ ಮಾರ್ಚ್ 16ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬರೆದವರು ಬಿ. ಕೆ. ಮುಖರ್ಜಿಯಾ. ಹಿಂದೂ ಧಾರ್ಮಿಕ ದತ್ತಿಗಳ ಕಾನೂನನ್ನು ಕುರಿತು ಪ್ರಮಾಣಗ್ರಂಥವನ್ನೇ ರಚಿಸಿದ್ದ ಅವರು ಶಾಸ್ತ್ರವನ್ನೂ ಕಾನೂನನ್ನೂ ಸಮನಾಗಿ ಬಲ್ಲವರು. ಧರ್ಮವೆಂದರೆ ಮನಸ್ಸಿನೊಳಗಿನ ನಂಬಿಕೆ ಮಾತ್ರವಲ್ಲ, ಆಚರಣೆಯೂ ಧರ್ಮವೇ ಎಂದು ಅವರು ಹೇಳಿದರು. ಇಂಥ ಹೊತ್ತಿಗೆ ದೇವರಿಗೆ ನೈವೇದ್ಯವಾಗಬೇಕು, ಇಂಥ ಕಾಲದಲ್ಲಿ ಇಂಥ ಉತ್ಸವ ನಡೆಯಬೇಕು ಎಂದು ಒಂದು ಪಂಥದ ತತ್ತ್ವ ವಿಧಿಸಿದರೆ, ಅದಕ್ಕೆ ಹಣ ಖರ್ಚಾಗುತ್ತದೆಂಬ ಮಾತ್ರಕ್ಕೆ ಅದು ಲೌಕಿಕ ವ್ಯವಹಾರವಾಗಿಬಿಡುವುದಿಲ್ಲ. ಯಾವುದು ಧರ್ಮದ ಅವಶ್ಯಭಾಗ ಎಂಬುದನ್ನು ಮುಖ್ಯವಾಗಿ ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕು. ಆದರೆ ಎಷ್ಟು ಪ್ರಮಾಣದಲ್ಲಿ ಖರ್ಚು ಮಾಡಬೇಕೆಂಬುದು ಆಸ್ತಿಯ ಆಡಳಿತದ ಮಾತು, ಅದರಲ್ಲಿ ಶಾಸನ ಕೈಹಾಕಬಹುದು.

ಈ ವಿಂಗಡಣೆಯಂತೆ ಕಾನೂನಿನ ಕಲಮುಗಳನ್ನು ಒಂದೊಂದಾಗಿ ಜರಡಿ ಹಿಡಿದರು. ಸರ್ಕಾರದ ಅಧಿಕಾರಿ ಯಾವ ಕಟ್ಟುಪಾಡೂ ಇಲ್ಲದೆ ಮಠದ ಒಳಗೆ ಎಲ್ಲಿಗಾದರೂ ಪ್ರವೇಶಿಸಬಹುದೆಂಬ ಕಲಮು ಬಿದ್ದುಹೋಯಿತು. ಶಿಷ್ಯರು ಗುರುವಿಗೆ ಒಪ್ಪಿಸುವ ಪಾದಕಾಣಿಕೆಯನ್ನು ನಿರ್ಬಂಧಿಸುವ ಕಲಮೂ ನಿಲ್ಲಲಿಲ್ಲ. ಧಾರ್ಮಿಕ ಸಂಸ್ಥೆಗಳು ತಮ್ಮ ವರಮಾನದಲ್ಲಿ ನೂರಕ್ಕೆ ಐದರವರೆಗೆ ಸರ್ಕಾರಕ್ಕೆ ಸಲ್ಲಿಸಬೇಕೆಂಬುದು ಸೇವೆಗೆ ಪಡೆಯುವ ಶುಲ್ಕವಲ್ಲ, ತೆರಿಗೆಯೇ ಸರಿ. ಅದನ್ನು ಹಾಕಲು ರಾಜ್ಯದ ಶಾಸಕಾಂಗಕ್ಕೆ ಅಧಿಕಾರವಿಲ್ಲವೆಂದರು. ಲೆಕ್ಕಪತ್ರ, ಆಸ್ತಿಯ ರಕ್ಷಣೆ ಮೊದಲಾದ ಹಲವು ಕಲಮುಗಳು ಮಾತ್ರ ಉಳಿದುಕೊಂಡವು. ಸ್ವಾಮಿಗಳು ಗೆದ್ದರೆಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಮಠದ ಆಸ್ತಿಯ ವಿಷಯದಲ್ಲಿ ಕಾನೂನಿಗೆ ಜಾಗ ಉಂಟೆಂಬುದನ್ನೂ ಅದೇ ತೀರ್ಪು ಸ್ಥಾಪಿಸಿತೆಂಬುದನ್ನು ಹೇಳುವವರು ಕಡಮೆ.

ಮುಲ್ಕಿಯ ವೆಂಕಟರಮಣ ದೇವಾಲಯದ ಮೊಕದ್ದಮೆಯಲ್ಲಿ ಈ ಗೆರೆಯ ಇನ್ನೊಂದು ಮುಖ ಕಾಣಿಸಿತು. ಗೌಡ ಸಾರಸ್ವತ ಬ್ರಾಹ್ಮಣರ ಆ ದೇವಾಲಯಕ್ಕೆ 1947ರ ಮದರಾಸು ದೇವಾಲಯ ಪ್ರವೇಶ ಕಾನೂನು ಅನ್ವಯಿಸದೆಂದು ಅದರ ಆಡಳಿತಗಾರರು ವಾದಿಸಿದರು. ದೇವಾಲಯದೊಳಕ್ಕೆ ಯಾರು ಬರಬಹುದು ಎಂಬುದು ಧರ್ಮದ ವಿಷಯವೇ ಅಲ್ಲವೆ? ಹೌದು, ಆಗಮಗಳನ್ನು ನೋಡಿದರೆ ಅದು ಧರ್ಮದ ವಿಷಯವೇ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಆದರೂ 1957ರ ನವೆಂಬರ್ 8ರ ತೀರ್ಪು ಆಡಳಿತಗಾರರ ಪರವಾಗಿ ಬರಲಿಲ್ಲ. ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯುವ ಅಧಿಕಾರ ಸಂವಿಧಾನದಲ್ಲಿಯೇ ಇದೆ, ಪಂಥದ ಹಕ್ಕು ಅದಕ್ಕೆ ಒಳಪಟ್ಟದ್ದು ಎಂದು ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಬರೆದರು. ಕರ್ನಾಟಕ ಸಂಗೀತದಲ್ಲಿಯೂ ವಿದ್ವಾಂಸರೆಂದು ಹೆಸರಾಗಿದ್ದ ಅವರು ಶಿರೂರು ಪೀಠದಲ್ಲಿಯೂ ಕುಳಿತಿದ್ದವರು. ಪಂಥದವರಿಗೇ ಮೀಸಲಾದ ಕೆಲವು ವಿಶೇಷ ಸೇವೆಗಳನ್ನು ಮಾತ್ರ ಉಳಿಸಿಕೊಟ್ಟರು. ತಲೆಮಾರುಗಳ ಕಾಲ ಹೊರಗೆ ನಿಂತೇ ಕೈಮುಗಿದವರ ಪಾಲಿಗೆ ಶಿರೂರಿನ ತೀರ್ಪಿಗಿಂತ ಈ ತೀರ್ಪೇ ದೊಡ್ಡದು.

ಒಂದು ತೊಡಕು ಉಳಿದೇ ಇದೆ. ಅವಶ್ಯಭಾಗ ಯಾವುದೆಂದು ಆ ಧರ್ಮವನ್ನೇ ಕೇಳಬೇಕೆಂದು ಶಿರೂರು ತೀರ್ಪು ಹೇಳಿತು. 1961ರಲ್ಲಿ ಅಜಮೇರಿನ ದರ್ಗಾದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳು, ಮೂಢನಂಬಿಕೆಯಿಂದ ಬಂದು ಸೇರಿಕೊಂಡದ್ದನ್ನು ನ್ಯಾಯಾಲಯವೇ ಪರಿಶೀಲಿಸಿ ಬೇರ್ಪಡಿಸಬೇಕಾದೀತೆಂಬ ಮಾತನ್ನು ಸೇರಿಸಿದರು. ಕೇಳುವವನು ಒಬ್ಬ, ಪರೀಕ್ಷಿಸುವವನು ಇನ್ನೊಬ್ಬ. ಎರಡೂ ಒಂದೇ ಕೆಲಸವಲ್ಲ. ಕೋಸಿನ್ನನಂಥ ಡಾಕ್ಟರಿಗೆ ಧರ್ಮಶಾಸ್ತ್ರವೇ ವೃತ್ತಿಯಾಗಿತ್ತು. ಇಂದಿನ ನ್ಯಾಯಾಧೀಶರಿಗೆ ಹಾಗಲ್ಲ. ಈ ಎರಡು ತೀರ್ಪುಗಳ ನಡುವೆ ವಿರೋಧ ಕಾಣುತ್ತದೆಂದು ಸರ್ವೋಚ್ಚ ನ್ಯಾಯಾಲಯವೇ 2019ರ ನವೆಂಬರಿನಲ್ಲಿ, ಶಬರಿಮಲೆಯ ಮೊಕದ್ದಮೆಯ ಸಂದರ್ಭದಲ್ಲಿ, ಎತ್ತಿ ತೋರಿಸಿತು. ಶಿರೂರು ತೀರ್ಪನ್ನು ಕೊಟ್ಟವರು ಏಳು ಮಂದಿಯಾದ್ದರಿಂದ ಪ್ರಶ್ನೆಯನ್ನು ವಿಚಾರಿಸಲು ಒಂಬತ್ತು ಮಂದಿಯ ಪೀಠವನ್ನು ರಚಿಸಬೇಕಾಯಿತು.

ರಾಜ್ಯದ ಏಕೀಕರಣವಾದ ಬಳಿಕವೂ ಹಳೆಯ ಮೈಸೂರಿಗೆ 1927ರ ಕಾನೂನು, ಕೊಳ್ಳೇಗಾಲಕ್ಕೂ ದಕ್ಷಿಣ ಕನ್ನಡಕ್ಕೂ ಮದರಾಸಿನ 1951ರ ಕಾನೂನು ಹಾಗೆಯೇ ಮುಂದುವರಿದವು. ಮುಂಬಯಿ, ಹೈದರಾಬಾದು, ಕೊಡಗುಗಳಿಂದ ಬಂದವೂ ಸೇರಿ ಐದು ಬೇರೆಬೇರೆ ಕಾನೂನುಗಳಿದ್ದವು. ಅವುಗಳ ಸ್ಥಾನದಲ್ಲಿ ಇಡೀ ಕರ್ನಾಟಕಕ್ಕೆ ಒಂದೇ ಆಗಿ ರಚಿತವಾದ 1997ರ ಕಾನೂನು 2003ರ ಮೇ ತಿಂಗಳಿನಿಂದ ಜಾರಿಗೆ ಬಂದಿತು. ಮಠಗಳನ್ನೂ, ಮಠಗಳಿಗೆ ಸೇರಿದ ದೇವಾಲಯಗಳನ್ನೂ, ಪಂಥಗಳವರು ನಡೆಸಿಕೊಂಡು ಬಂದ ಸಂಸ್ಥೆಗಳನ್ನೂ ಆ ಕಾನೂನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದ್ದರಿಂದಲೇ ಶ್ರೀಕಂಠೇಶ್ವರನ ಹುಂಡಿ ಅದರೊಳಗೆ, ಸುತ್ತೂರಿನ ಗದ್ದುಗೆ ಅದರ ಹೊರಗೆ. 2006ರ ಸೆಪ್ಟೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಈ ಕಾನೂನನ್ನೇ ರದ್ದುಪಡಿಸಿತು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿತು. ಕಾನೂನಿನ ವಿರುದ್ಧ ಎದ್ದಿದ್ದ ಆಕ್ಷೇಪಣೆಗಳಲ್ಲಿ, ಮಠಗಳನ್ನು ಹೊರಗಿಟ್ಟು ದೇವಾಲಯಗಳನ್ನು ಮಾತ್ರ ಒಳಗಿಟ್ಟದ್ದೇಕೆ ಎಂಬುದೂ ಒಂದಾಗಿತ್ತು.